ನೀಲಿಕೋಟೆಯಲ್ಲಿ ಇಲ್ಲದ ಹೋಟೆಲು

ನೀಲಿಕೋಟೆ ಎಂಬ ಕಾರ್ಡಿನಾಟದ ಲೋಕವು ಇನ್ನು ಮುಂದೆ ಪಾತ್ರ ವಹಿಸಿ ಆಡುವ ಆಟವಾಗಿಯೂ ದೊರೆಯಲಿದೆ ಎಂದು ಕಂಪನಿಯು ಪ್ರಕಟಿಸಿದ ದಿನ, ನೀಲಿಕೋಟೆ ಅಭಿಮಾನಿಗಳ ಸಂಘವು ತುರ್ತುಸಭೆ ಸೇರಿ ಎರಡು ನಿಮಿಷ ಮೌನ ಆಚರಿಸಿತು. ಆಮೇಲೆ ಆ ಮೌನ ಸಂತೋಷದ್ದೋ ದುಃಖದ್ದೋ ಎಂಬುದನ್ನು ಮತಕ್ಕೆ ಹಾಕಲಾಯಿತು. ಮತಗಳು ಸಮಸಮ ಬಿದ್ದದ್ದರಿಂದ ಅಧ್ಯಕ್ಷರು ನಿರ್ಣಾಯಕ ಮತ ಚಲಾಯಿಸಿ, ಅದು ಆತಂಕಪೂರ್ವಕ ಸ್ವಾಗತದ ಮೌನವೆಂದು ತೀರ್ಪು ಕೊಟ್ಟರು.

ಸಂಘದ ಸಭೆಗಳು ನಡೆಯುತ್ತಿದ್ದದ್ದು ಕಾರ್ಯದರ್ಶಿಗಳ ಮನೆಯ ಮುಂದಿನ ಕೋಣೆಯಲ್ಲಿ. ಕಾರ್ಯದರ್ಶಿಗಳು ವೃತ್ತಿಯಲ್ಲಿ ಕನ್ನಡಕದ ಅಂಗಡಿಯವರು. ಉಪಾಧ್ಯಕ್ಷರು ಹಲ್ಲಿನ ಡಾಕ್ಟರು. ಅಧ್ಯಕ್ಷರು ತೂಕ ಮತ್ತು ಅಳತೆಯ ಇಲಾಖೆಯಿಂದ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿದ್ದರೂ ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ಮಿಕ್ಕವರು ಸದಸ್ಯರು, ಅಂದರೆ ಹೇಳಿದಾಗ ಕೈ ಎತ್ತುವವರು. ಇವರೆಲ್ಲ ವರ್ಷಗಟ್ಟಲೆ ಭಾನುವಾರ ತಪ್ಪದೆ ಸೇರಿ, ಪ್ಲಾಸ್ಟಿಕ್ ಕವಚದೊಳಗಿನ ಕಾರ್ಡುಗಳನ್ನು ಎದುರುಬದುರು ಇಟ್ಟು ಒಬ್ಬರನ್ನೊಬ್ಬರು ಸೋಲಿಸುತ್ತ ಬಂದಿದ್ದರು. ಕಾರ್ಯದರ್ಶಿಗಳ ಹೆಂಡತಿ ಚಹಾದ ತಟ್ಟೆಯನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ಹಾಗೇ ಹಿಂದಿರುಗುತ್ತಿದ್ದರು. ಮೇಜಿನ ಹತ್ತಿರ ಬಂದರೆ ಕಾರ್ಡಿನ ಮೇಲೆ ಹನಿ ಬೀಳುವ ಸಂಭವವಿದೆಯೆಂದು ಸಂಘವು ಬಹಳ ಹಿಂದೆಯೇ ನಿಯಮ ಮಾಡಿತ್ತು.

ಹೊಸ ಆಟಕ್ಕೆ ಕಾರ್ಡೇ ಬೇಕಿರಲಿಲ್ಲ. ಒಬ್ಬರು ಕಥೆ ಹೇಳುತ್ತಾರೆ: ಎದುರಿಗೆ ಕೋಟೆಯಿದೆ, ಹೊತ್ತು ಮುಳುಗುತ್ತಿದೆ, ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಉತ್ತರ ಕೊಡುತ್ತಾರೆ. ಗೆದ್ದರೋ ಬಿದ್ದರೋ ಎಂಬುದನ್ನು ದಾಳ ಹೇಳುತ್ತದೆ.

"ಕಾರ್ಡ್ ಬೇಡ ಅಂದ್ರೆ ಯಾರು ಬೇಕಾದ್ರೂ ಆಡ್ಬೋದಾ?" ಎಂದು ಆ ಸಂಜೆ ಕಾರ್ಯದರ್ಶಿಗಳ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತ ಕೇಳಿದರು.

"ಯಾರು ಬೇಕಾದ್ರೂ."

"ಹಾಗಾದ್ರೆ ನಾನೂ ಕೂತ್ಕೋತೀನಿ."

"ನೀನು ಏನಾಗ್ತೀಯ?"

"ಕೋಟೆ ಬಾಗಿಲ ಹತ್ರ ಒಂದು ಹೋಟೆಲ್ ಇಡ್ತೀನಿ. ಬಂದೋರಿಗೆ ಊಟ ಹಾಕ್ತೀನಿ. ಮನಸ್ಸಿಲ್ಲದ ದಿನ, ಊಟ ಮುಗೀತು, ನಾಳೆ ಬನ್ನಿ ಅಂತೀನಿ. ಆ ಮಾತೊಂದು ಹೇಳ್ಬೇಕು ಅಂತ ಬಹಳ ದಿನದಿಂದ ಆಸೆ ಕಣ್ರೀ."

ಕಾರ್ಯದರ್ಶಿಗಳಿಗೆ ಸಂತೋಷವಾಯಿತು. ಇಷ್ಟು ವರ್ಷ ಭಾನುವಾರದ ಮಧ್ಯಾಹ್ನವೆಂದರೆ ಗೋಡೆಯ ಈಚೆ ಒಬ್ಬರು, ಆಚೆ ಒಬ್ಬರು. ಇನ್ನು ಒಂದೇ ಮೇಜು. ಅವರು ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟರು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಒಂದು ಗಂಭೀರ ಪ್ರಶ್ನೆ ಎತ್ತಿದರು. "ಕಥೆ ಹೇಳೋನು ಬಾವಿ ಇದೆ ಅಂದ್ರೆ ಬಾವಿ ಇದ್ದುಬಿಡತ್ತಾ? ನಾಳೆ ಇನ್ನೊಬ್ಬ ಬಂದು ರೈಲ್ವೆ ಸ್ಟೇಷನ್ ಇದೆ ಅಂತಾನೆ. ಆಗ ನೀವೇನು ಟಿಕೆಟ್ ತಗೋತೀರಾ?"

ಅಲ್ಲೇ ನಿಂತ ಮೆಟ್ಟಿನಲ್ಲಿ ನಿಯಮವೊಂದನ್ನು ರಚಿಸಲು ಕಾರ್ಯದರ್ಶಿಗಳಿಗೆ ಸೂಚಿಸಲಾಯಿತು. ಅವರು ಬರೆದರು: "ಕಾರ್ಡಿನ ಮೇಲೆ ಅಚ್ಚಾಗದೆ ಇರುವ ಯಾವುದೇ ವ್ಯಕ್ತಿ, ವಸ್ತು, ಕಟ್ಟಡ ಅಥವಾ ತಿನಿಸು ನೀಲಿಕೋಟೆಯಲ್ಲಿ ಅಸ್ತಿತ್ವದಲ್ಲಿ ಇರತಕ್ಕದ್ದಲ್ಲ." ತಿನಿಸು ಎಂಬುದು ಅವರ ಸ್ವಂತ ಸೇರ್ಪಡೆ. ಅದಕ್ಕೆ ಪ್ರತ್ಯೇಕ ಚಪ್ಪಾಳೆ ಬಿತ್ತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ತಟ್ಟೆ ಇಟ್ಟ ಸದ್ದು ಕೇಳಿಸಿದಾಗಲೇ ಅವರಿಗೆ ಹೋಟೆಲಿನ ನೆನಪಾದದ್ದು. ಅಷ್ಟರಲ್ಲಿ ಕೈಗಳು ಎದ್ದಾಗಿತ್ತು.

ಆಟ ನಿಯಮಾನುಸಾರ ಆರಂಭವಾಯಿತು. ಕಾರ್ಡುಗಳಲ್ಲಿ ದ್ವಾರಪಾಲಕ ಇದ್ದ, ದ್ವಾರ ಇರಲಿಲ್ಲ. ಆದ್ದರಿಂದ ವೀರರು ಒಳಗೆ ಹೋಗುವಂತಿರಲಿಲ್ಲ, ದ್ವಾರಪಾಲಕನಿಗೆ ಅವರನ್ನು ತಡೆಯುವ ಅಧಿಕಾರವೂ ಇರಲಿಲ್ಲ. ಮೂರು ಭಾನುವಾರ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು. ಕೂರಲು ಕುರ್ಚಿ ಯಾವ ಕಾರ್ಡಿನಲ್ಲೂ ಇರಲಿಲ್ಲ. ಸಿಂಹಾಸನವೊಂದಿತ್ತು, ಅದರಲ್ಲಿ ಶಾಪವಿತ್ತು. ಪಾತ್ರಗಳು ನಿಂತಿರುವಾಗ ಆಟಗಾರರು ಕೂರುವುದು ಸರಿಯಲ್ಲವೆಂದು ಕೋಣೆಯ ಕುರ್ಚಿಗಳನ್ನೂ ತೆಗೆಸಲಾಯಿತು. ಚಹಾ ಅಚ್ಚಾಗಿರದ ಕಾರಣ ಚಹಾ ಕೂಡ ನಿಂತಿತು. ನೀಲಿಕೋಟೆಯಲ್ಲಿ ಬಾಣಗಳ ಬಗೆಗಳು ಲೆಕ್ಕವಿಲ್ಲದಷ್ಟಿದ್ದವು, ವಿಷಗಳೂ ಧಾರಾಳವಾಗಿದ್ದವು, ಆದರೆ ರೊಟ್ಟಿಯ ಒಂದು ಚೂರೂ ಇರಲಿಲ್ಲ. ಡಾಕ್ಟರ ಕುದುರೆ ಸವಾರ ಹಸಿವಿನಿಂದ ವಾರ ವಾರಕ್ಕೆ ಸೊರಗುತ್ತ ಬಂದ.

"ನನ್ನ ಹೋಟೆಲ್ ಏನಾಯ್ತು?" ಎಂದು ಹೆಂಡತಿ ಕೇಳಿದರು.

"ಒಂದು ಅರ್ಜಿ ಕೊಡು."

"ಯಾರಿಗೆ? ನಿಮಗಾ?"

"ಸಂಘಕ್ಕೆ. ನನ್ನ ಮೂಲಕ."

ಅವರು ಅರ್ಜಿ ಬರೆದು ಮರುದಿನ ಗಂಡನ ಊಟದ ಡಬ್ಬಿಯ ಜೊತೆಗೆ ಕೊಟ್ಟರು. ಕಾರ್ಯದರ್ಶಿಗಳು ಡಬ್ಬಿಯನ್ನು ಒಂದು ಕಡೆಗಿಟ್ಟು, ಅರ್ಜಿಗೆ "ಸ್ವೀಕರಿಸಲಾಗಿದೆ" ಎಂದು ಮೊಹರು ಹಾಕಿದರು.

ಅದರ ವಿಚಾರಣೆಗೆಂದು ನೇಮಕವಾದ ಶೋಧನಾ ಉಪಸಮಿತಿಯು ಕಾರ್ಯದರ್ಶಿಗಳ ಅಂಗಡಿಯಿಂದಲೇ ಭೂತಗನ್ನಡಿ ತರಿಸಿಕೊಂಡು ಎಲ್ಲ ಕಾರ್ಡುಗಳನ್ನೂ ಪರಿಶೀಲಿಸಿತು. ರಾಣಿಯರು ಸಿಕ್ಕರು, ಮಾಟಗಾತಿಯರು ಸಿಕ್ಕರು, ಈಟಿ ಹಿಡಿದ ಹೆಂಗಸರು ಸಿಕ್ಕರು. ಸೌಟು ಹಿಡಿದವಳು ಒಬ್ಬಳೂ ಸಿಗಲಿಲ್ಲ. ಒಂದು ಕಾರ್ಡಿನ ಮೂಲೆಯಲ್ಲಿ, ಬೆಂಕಿಸರ್ಪದ ಬಾಲದ ಹಿಂದೆ, ಸ್ವಲ್ಪ ಹೊಗೆ ಕಂಡಿತು. ಅದು ಒಲೆಯ ಹೊಗೆಯಿರಬಹುದೆಂದು ಡಾಕ್ಟರು ಆಸೆಪಟ್ಟರು. ಅಧ್ಯಕ್ಷರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಅದು ಯುದ್ಧದ ಹೊಗೆ ಎಂದು ದಾಖಲಿಸಿದರು.

ಪ್ರಮಾಣಪತ್ರ ಸಿದ್ಧವಾಯಿತು. "ಅರ್ಜಿದಾರರು ಅಸ್ತಿತ್ವದಲ್ಲಿ ಇಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ. ಅರ್ಜಿದಾರರು ಇದನ್ನು ಗಮನಿಸತಕ್ಕದ್ದು." ಕೆಳಗೆ ಕಾರ್ಯದರ್ಶಿಗಳು ಸಹಿ ಮಾಡಬೇಕಿತ್ತು. ಮಾಡದೆ ಇರಬಹುದಿತ್ತು. ಆದರೆ ಸಂಘದ ಚುನಾವಣೆ ಹತ್ತಿರ ಬಂದಿತ್ತು, ನಿಯಮ ಬರೆದವರೇ ನಿಯಮ ಮುರಿದರೆಂಬ ಮಾತು ಬರುತ್ತಿತ್ತು. ಅವರು ಸಹಿ ಹಾಕಿದರು. ನಾಚಿಕೆಯಾಯಿತು, ಆದರೆ ಮೊಹರು ಚೆನ್ನಾಗಿ ಬಿದ್ದಿತ್ತು.

ಹೆಂಡತಿ ಅದನ್ನು ಎರಡು ಸಲ ಓದಿದರು. "ಸರಿ" ಎಂದರು.

ಆ ಭಾನುವಾರ ಅವರು ಒಂದು ಕೈಯಲ್ಲಿ ಕುರ್ಚಿ, ಇನ್ನೊಂದು ಕೈಯಲ್ಲಿ ಚಹಾದ ಕೆಟಲ್ ಹಿಡಿದು ಬಂದು ಮೇಜಿನ ಮುಂದೆ ಕುಳಿತರು.

"ಇವರು ಇಲ್ಲಿ ಕೂರೋ ಹಾಗಿಲ್ಲ," ಎಂದರು ಅಧ್ಯಕ್ಷರು.

"ಯಾರು ಸಾರ್?" ಎಂದು ಡಾಕ್ಟರು ಕೇಳಿದರು.

"ಇವರೇ."

"ಇವರು ಇಲ್ಲ ಅಂತ ನಾವೇ ಬರೆದು ಕೊಟ್ಟಿದ್ದೀವಲ್ಲ ಸಾರ್. ಇಲ್ಲದೋರನ್ನ ಏಳಿ ಅನ್ನೋದು ಹೇಗೆ? ಅಂದ್ರೆ ಇದ್ದಾರೆ ಅಂತ ಒಪ್ಪಿಕೊಂಡ ಹಾಗಾಗತ್ತೆ."

ಜೀವಮಾನವೆಲ್ಲ ಕಡತದ ಮಾತಿಗೆ ತಲೆಬಾಗಿದ ಅಧ್ಯಕ್ಷರು ಇದಕ್ಕೂ ತಲೆಬಾಗಿದರು. ಹೀಗೆ ಇಲ್ಲದ ದ್ವಾರದ ಪಕ್ಕದಲ್ಲಿ ಇಲ್ಲದ ಹೆಂಗಸಿನ ಇಲ್ಲದ ಹೋಟೆಲು ಶುರುವಾಯಿತು. ಬೆಂಕಿಸರ್ಪ ಬಂದು ವೀರರನ್ನೆಲ್ಲ ಅರ್ಧಂಬರ್ಧ ಸುಟ್ಟಿತು. ಹೋಟೆಲಿಗೆ ಏನೂ ಆಗಲಿಲ್ಲ, ಇಲ್ಲದವರ ಮೇಲೆ ದಾಳ ಉರುಳಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಹೆಂಡತಿ ಒಂದು ಲೋಟ ಚಹಾ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು.

"ಅತ್ತಿಗೆ, ನನ್ನ ಸವಾರ ಹಸಿದು ಬಿದ್ದುಹೋಗ್ತಿದ್ದಾನೆ. ಏನಾದ್ರೂ ಕೊಡಿ," ಎಂದರು ಡಾಕ್ಟರು. ಅವರ ಕಣ್ಣು ಕೆಟಲ್ ಮೇಲಿತ್ತು.

"ಕೊಡ್ತಿದ್ದೆ ಡಾಕ್ಟ್ರೇ. ಆದ್ರೆ ಇರೋರು ಬಂದು ಇಲ್ಲದ ಊಟ ಮಾಡೋ ಹಾಗಿಲ್ಲವಲ್ಲ. ನೀವೂ ಒಂದು ಕಾಗದ ಮಾಡಿಸ್ಕೊಂಡು ಬನ್ನಿ."

ಡಾಕ್ಟರು ಮಾರನೆಯ ವಾರವೇ ಅರ್ಜಿ ಕೊಟ್ಟರು. ಅವರ ಸವಾರ ಕಾರ್ಡಿನಲ್ಲಿ ಅಚ್ಚಾಗಿದ್ದನೆಂಬುದು ತೊಡಕಾಯಿತು. ಆದರೆ ಅಚ್ಚಾದವನಿಗೆ ಗಡ್ಡವಿತ್ತು, ಡಾಕ್ಟರ ಸವಾರ ಹೋದ ವಾರವಷ್ಟೇ ಬೋಳಿಸಿಕೊಂಡಿದ್ದ. ಬೋಳುಗಲ್ಲದ ಸವಾರ ಇಲ್ಲವೆಂದು ಉಪಸಮಿತಿ ಒಪ್ಪಿತು. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು, ಬಿಸಿ ಚಹಾ ಕುಡಿದು, ಇಲ್ಲದಿರುವುದು ಇಷ್ಟು ಸುಖವೆಂದು ತಿಳಿದಿರಲಿಲ್ಲ ಎಂದರು.

ಆಮೇಲೆ ನೂಕುನುಗ್ಗಲು. ಒಬ್ಬರ ಬಿಲ್ಲುಗಾರ ಎಡಚನಾದ, ಇನ್ನೊಬ್ಬರ ಮಂತ್ರವಾದಿಗೆ ನೆಗಡಿ ಬಂತು. ಸಂಘವು ಪ್ರಕಟಣೆ ಹೊರಡಿಸಿತು: "ಇಲ್ಲದಿರಲು ಇಚ್ಛಿಸುವ ಸದಸ್ಯರು ಮಾಸಾಂತ್ಯದೊಳಗೆ ಅರ್ಜಿ ಸಲ್ಲಿಸತಕ್ಕದ್ದು. ತಾವು ಇದುವರೆಗೆ ಇದ್ದುದಕ್ಕೆ ಸೂಕ್ತ ಕಾರಣವನ್ನು ಲಗತ್ತಿಸತಕ್ಕದ್ದು." ಕೊನೆಗೆ ಅಧ್ಯಕ್ಷರು, ವಯಸ್ಸಿನ ರಿಯಾಯಿತಿಯ ಮೇಲೆ, ಸರದಿಯಿಲ್ಲದೆ ಇಲ್ಲವಾದರು.

ಉಳಿದವರು ಕಾರ್ಯದರ್ಶಿಗಳೊಬ್ಬರೇ. ಅವರೂ ಅರ್ಜಿ ಬರೆದು, ತಾವೇ ಸ್ವೀಕರಿಸಿ, ತಮಗೇ ರಸೀದಿ ಕೊಟ್ಟುಕೊಂಡರು. ಆದರೆ ತಮ್ಮ ಕಡತಕ್ಕೆ ತಾವೇ ಸಹಿ ಹಾಕುವಂತಿರಲಿಲ್ಲ. ಹಾಕಬಹುದಾಗಿದ್ದ ಅಧ್ಯಕ್ಷರು ಅಸ್ತಿತ್ವದಲ್ಲಿರಲಿಲ್ಲ. ಅವರು ಮೇಜಿನ ತುದಿಯಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದರು.

"ನಂಗೂ ಒಂದು ಲೋಟ ಹಾಕು," ಎಂದು ಕಾರ್ಯದರ್ಶಿಗಳು ಗೋಡೆಗೆ ಒರಗಿ ನಿಂತಲ್ಲಿಂದಲೇ ಕೇಳಿದರು.

"ನೀವು ಇದ್ದೀರಲ್ಲ ರೀ," ಎಂದರು ಹೆಂಡತಿ. "ಇರೋರಿಗೆ ಕೊಟ್ಟರೆ ನನ್ನ ಹೋಟೆಲ್ ಮುಚ್ಚಿಸ್ತಾರೆ. ನೀವೇ ಬರೆದಿರೋ ನಿಯಮ."

ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು. ಅವರು ಗಿರಾಕಿಗೆ ಹೇಳುವಷ್ಟು ಸಮಾಧಾನದಲ್ಲಿ ಹೇಳಿ ಆಟಕ್ಕೆ ತಿರುಗಿದರು. ಏನೋ ಒಂದು ಮಾತಿಗೆ ಮೇಜಿನವರೆಲ್ಲ ಗೊಳ್ಳೆಂದು ನಕ್ಕರು, ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಅವರು ಹಾಗೆ ನಗುತ್ತಾರೆಂಬುದು ಕಾರ್ಯದರ್ಶಿಗಳಿಗೆ ಗೊತ್ತೇ ಇರಲಿಲ್ಲ.

ವಾರ್ಷಿಕ ಸಭೆ ಅದೇ ಕೋಣೆಯಲ್ಲಿ ನಡೆಯಿತು. ನೀಲಿಕೋಟೆಯ ಪರಿಶುದ್ಧತೆಗೆ ಈ ಸಾಲಿನಲ್ಲಿ ಅಸ್ತಿತ್ವದಲ್ಲಿರುವ ಯಾರಿಂದಲೂ ಭಂಗ ಬಂದಿಲ್ಲವೆಂಬ ವರದಿಗೆ ಕಂಪನಿಯಿಂದ ಪ್ರಶಂಸಾಪತ್ರ ಬಂದಿತ್ತು, ಅದನ್ನು ಓದಲಾಯಿತು. ಇಲ್ಲದವರಿಗೆ ಮತದಾನದ ಹಕ್ಕು ಇಲ್ಲವಾದ್ದರಿಂದ ಕಾರ್ಯದರ್ಶಿಗಳು ಒಂದು ಮತದಿಂದ ಅವಿರೋಧವಾಗಿ ಮರುಆಯ್ಕೆಯಾದರು. ತೆರವಾಗಿದ್ದ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳೂ ಅವರಿಗೇ ಬಂದವು. ಮೇಜಿನವರು ಮನಃಪೂರ್ವಕ ಚಪ್ಪಾಳೆ ತಟ್ಟಿದರು, ಮುಂದಿನ ಭಾನುವಾರ ಇದೇ ಹೊತ್ತಿಗೆ ಬರುತ್ತೇವೆಂದು ಅತ್ತಿಗೆಗೆ ಹೇಳಿ ಹೊರಟರು. ಅತ್ತಿಗೆ ಬೀದಿಯ ತನಕ ಹೋಗಿ ಕಳಿಸಿ ಬಂದು, ಸುಸ್ತಾಯಿತೆಂದು ಮಲಗಿದರು. ಕಾರ್ಯದರ್ಶಿಗಳು ನಡಾವಳಿಯಲ್ಲಿ ಹಾಜರಿ ಒಬ್ಬರು ಎಂದು ಬರೆದು, ತಮಗೇ ವಂದನೆ ಸಲ್ಲಿಸಿ, ಅಂಗಿಯ ತೋಳು ಮಡಚಿಕೊಂಡು, ದಾಖಲೆಯ ಪ್ರಕಾರ ಯಾರೂ ಕುಡಿಯದ ಚಹಾದ ಲೋಟಗಳನ್ನೆಲ್ಲ ಬಾಚಿಕೊಂಡು ತೊಳೆಯಲು ಹೋದರು. ಮನೆಯಲ್ಲಿ ಈಗ ಇರುವವರೆಂದರೆ ಅವರೊಬ್ಬರೇ.