ತೋರಿಸಲಾಗದ ಜಾಗದ ಸರ್ಪಸುತ್ತು

ಕಾಯಿಲೆಗಳಲ್ಲಿ ಎರಡು ಬಗೆ. ಹೇಳಿಕೊಂಡು ತಿರುಗುವಂಥವು, ಬಾಯಿ ಬಿಡಲಾಗದಂಥವು. ಸಕ್ಕರೆ, ಮಂಡಿನೋವು, ಗ್ಯಾಸು ಇವೆಲ್ಲ ಮೊದಲ ಬಗೆಯವು. ನಮ್ಮ ಯಲ್ಲಾಪುರದ ಕಡೆ ಯಾವುದೇ ಊಟದ ಪಂಕ್ತಿಯಲ್ಲಿ ಕುಳಿತು ನೋಡಿ, ಹಪ್ಪಳ ಬರುವಷ್ಟರಲ್ಲಿ ಪಕ್ಕದವರ ಮಂಡಿಗೆ ಯಾವ ಎಣ್ಣೆ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದೆಲ್ಲ ನಿಮಗೆ ಬಾಯಿಪಾಠವಾಗಿರುತ್ತದೆ. ಅಂಥ ಮಾತುಕತೆಯಲ್ಲಿ ನನ್ನದೆನ್ನುವ ಕಾಯಿಲೆಯೊಂದು ಇಲ್ಲದೆ ನಾನು ಬಹಳ ದಿನ ಸುಮ್ಮನೆ ಕುಳಿತವಳು. ನಲವತ್ತು ದಾಟಿದ ಮೇಲೆ ದೇವರು ಕಣ್ತೆರೆದ. ಆದರೆ ಕೊಟ್ಟಿದ್ದು ಎರಡನೇ ಬಗೆಯದನ್ನು, ಅದೂ ಅದರಲ್ಲೇ ಅತ್ಯಂತ ಮುಜುಗರದ್ದನ್ನು. ಜನನಾಂಗದ ಹರ್ಪಿಸ್.

ಹೆಸರು ನನಗೆ ಹೊಸದಲ್ಲ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಲೈಂಗಿಕ ರೋಗಗಳ ಆ ಪುಟ ಬಂದಾಗಲೆಲ್ಲ ಕಿಟಕಿಯ ಕಡೆ ನೋಡುತ್ತ, ಬಸ್ಸು ಹಿಡಿಯುವವರ ವೇಗದಲ್ಲಿ ಹೆಸರುಗಳನ್ನು ಓದಿ, "ಎರಡು ಮಾರ್ಕಿಗೆ ಬರ್ತದೆ, ಓದಿಕೊಳ್ಳಿ" ಎಂದು ಮುಂದೆ ಹೋಗುತ್ತಿದ್ದೆ. ಈ ಸಲ ಜ್ವರ ಬಂದು, ಉರಿ ಹತ್ತಿ, ಮೂತ್ರಕ್ಕೆ ಹೋಗುವುದೆಂದರೆ ಕಣ್ಣಲ್ಲಿ ನೀರು ಬರುವಂತಾದಾಗಲೂ ಆ ಪುಟ ನನಗೆ ನೆನಪಾಗಲಿಲ್ಲ. ಕುರ್ಚಿಯಲ್ಲಿ ಕೂರಲಾಗದೆ ಇಡೀ ವಾರ ನಿಂತೇ ಪಾಠ ಮಾಡಿದೆ. ಮೇಡಂ ಭಾರಿ ಶಿಸ್ತಿನವರಾಗಿದ್ದಾರೆಂದು ಪ್ರಿನ್ಸಿಪಾಲರು ಮೆಚ್ಚಿಕೊಂಡರು.

ಊರಿನ ಡಾಕ್ಟರ ಬಳಿ ಹೋಗುವ ಹಾಗಿರಲಿಲ್ಲ. ಅಲ್ಲಿ ಚೀಟಿ ಬರೆಯುವವಳು, ಇಂಜೆಕ್ಷನ್ ಕೊಡುವವಳು, ಕೊನೆಗೆ ಕಸ ಗುಡಿಸುವವಳ ಮಗಳು ಕೂಡ ನನ್ನ ವಿದ್ಯಾರ್ಥಿನಿಯರೇ. ಹಾಗಾಗಿ ಶಿರಸಿಯ ಒಬ್ಬ ಚರ್ಮದ ಡಾಕ್ಟರಮ್ಮನ ಬಳಿ ಹೋದೆ. ಅವರು ನೋಡಿದರು, ಪರೀಕ್ಷೆ ಮಾಡಿಸಿದರು, ನೆಗಡಿಯ ಸುದ್ದಿ ಹೇಳುವಷ್ಟೇ ಸಮಾಧಾನದಿಂದ ಹೇಳಿದರು. ವೈರಾಣು ಮೈಯಿಂದ ಪೂರ್ತಿ ಹೋಗುವುದಿಲ್ಲ, ಆಗೀಗ ಏಳಬಹುದು, ಬರಬರುತ್ತ ಕಡಿಮೆಯಾಗುತ್ತದೆ, ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ, ಇದು ಎಷ್ಟೋ ಜನರಿಗೆ ಇದ್ದರೂ ಅವರಿಗೇ ಗೊತ್ತಿರುವುದಿಲ್ಲ. ಎಲ್ಲಿಂದ ಬಂತು ಎಂದು ಕೇಳಿದೆ. ವರ್ಷಗಟ್ಟಲೆ ಮೈಯೊಳಗೆ ಸದ್ದಿಲ್ಲದೆ ಇದ್ದು ಈಗ ಎದ್ದಿರಲೂಬಹುದು ಎಂದರು. ನಾನೂ ಗಂಡನೂ ಬೇರೆಯಾಗಿ ವರ್ಷಗಳೇ ಆದವು. ಹೋಗುವಾಗ ಆತ ಮಿಕ್ಸಿ, ಕುಕ್ಕರಿನ ಹೆಚ್ಚುವರಿ ರಬ್ಬರು ಸಮೇತ ತನ್ನದೆಂದು ಗಂಟು ಕಟ್ಟಿಕೊಂಡು ಹೋದವನು. ಇದನ್ನೊಂದು ನನ್ನ ಪಾಲಿಗೆ ಬಿಟ್ಟು ಹೋದನೋ ಎಂದು ಮೈಯೆಲ್ಲ ಉರಿದುಹೋಯಿತು. ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಡಾಕ್ಟರಮ್ಮ ಆ ಸಿಟ್ಟನ್ನೂ ನೆಟ್ಟಗೆ ಪಡಲು ಬಿಡಲಿಲ್ಲ.

ಕೊನೆಗೆ ಅವರು ಕೇಳಿದ ಪ್ರಶ್ನೆಯೇ ನನ್ನನ್ನು ಹಿಡಿದು ಅಲ್ಲಾಡಿಸಿದ್ದು. "ಈಗ ಯಾರಾದರೂ ಸಂಗಾತಿ ಇದ್ದಾರಾ? ಇದ್ದರೆ ಅವರಿಗೆ ಹೇಳಬೇಕಾಗ್ತದೆ." ಇದ್ದರು. ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ದಿವಾಕರ. ಹೆಂಡತಿ ತೀರಿಕೊಂಡವರು, ಮಾತು ಕಡಿಮೆ, ನಗು ಜಾಸ್ತಿ. ಇನ್ನೆರಡು ತಿಂಗಳಿಗೆ ನಮ್ಮ ಮದುವೆ ಎಂದು ಮಾತಾಗಿತ್ತು. ಎರಡನೇ ಸಲ ಬದುಕು ಕಟ್ಟಿಕೊಳ್ಳಲು ಹೊರಟವಳ ಕಾಲಿಗೇ ಇದು ಸುತ್ತಿಕೊಳ್ಳಬೇಕೆ? ಆಸ್ಪತ್ರೆಯ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಮುಖ ಒರೆಸಿಕೊಂಡು ಹೊರಗೆ ಬಂದರೆ ಬೆಂಚಿನ ಮೇಲೆ ಹುಲೇಕಲ್ಲಿನ ಸೀತತ್ತೆ, ನನ್ನ ಅಪ್ಪನ ದೂರದ ತಂಗಿ, ಕಾಲಿನ ಕಜ್ಜಿ ತೋರಿಸಲು ಬಂದು ಕುಳಿತಿದ್ದಳು. "ಎಂತ ಆಜೆ ಕೂಸೆ, ಮುಖ ಕೆಂಪಾಜಲೆ?" ಎಂದಳು. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು. ಹರ್ಪಿಸಿನದೂ ಸರ್ಪಸುತ್ತಿನದೂ ಒಂದೇ ವಂಶದ ವೈರಾಣು ಎಂದು ಆಗಷ್ಟೇ ಒಳಗೆ ಡಾಕ್ಟರಮ್ಮನಿಂದ ಕೇಳಿ ಬಂದಿದ್ದೆನಲ್ಲ, ಬಾಯಿಗೆ ಬಂದದ್ದು "ಸರ್ಪಸುತ್ತು" ಎಂಬ ಮಾತು. ಎಷ್ಟು ಜಾಣತನದ ಉತ್ತರ ಎಂದು ಬಸ್ಸಿನಲ್ಲಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬಸ್ಸು ಮಂಚಿಕೇರಿ ದಾಟುವುದರೊಳಗೆ ಆಯಿಯ, ಎಂದರೆ ನನ್ನ ಅಮ್ಮನ, ಫೋನು ಬಂತು.

ನಮ್ಮಲ್ಲಿ ಸರ್ಪಸುತ್ತು ಎಂದರೆ ಬರೀ ಚರ್ಮದ ಮೇಲೆ ಸಾಲಾಗಿ ಏಳುವ ಗುಳ್ಳೆಯಲ್ಲ. ಅದು ಮೈಗೆ ಸುತ್ತಿಕೊಳ್ಳುವ ಹಾವು. ತಲೆಯೂ ಬಾಲವೂ ಕೂಡಿದರೆ ಪ್ರಾಣಕ್ಕೇ ಕುತ್ತು ಎಂದು ನಂಬಿದವರು ನಾವು. ಇದನ್ನೆಲ್ಲ ಬಲ್ಲ ನಾನು ಆ ಹೆಸರನ್ನೇ ಹೇಳಿದ್ದೆ. ಮನೆಗೆ ಕಾಲಿಡುವಾಗ ಆಯಿ ಬಾಗಿಲಲ್ಲೇ ನಿಂತಿದ್ದಳು. "ಎಲ್ಲಿ ಆಜೆ? ತೋರ್ಸು. ತಲೆ ಬಾಲ ಕೂಡಿದ್ದಿಲ್ಲೆ ಅಲ್ದನೆ?" ಇಲ್ಲ ಎಂದೆ. "ನೀ ಹೇಳದು ಬೇಡ, ಆನು ನೋಡವು." ತೋರಿಸುವ ಜಾಗದಲ್ಲಿ ಇಲ್ಲ ಎಂದೆ. "ಡಾಕ್ಟ್ರಿಗೆ ತೋರ್ಸಲಾಗ್ತು, ಹೆತ್ತವಳಿಗೆ ತೋರ್ಸಲೆ ನಾಚ್ಕೆಯನೆ?" ಎಂದು ಆಯಿ ಕಣ್ಣೊರೆಸಿಕೊಂಡಳು. ಕಡೆಗೆ, ಸೊಂಟದ ಹಿಂದೆ, ಒಳಗಿಂದೊಳಗೆ, ಹೊರಗೆ ಕಾಣುವುದಿಲ್ಲ ಎಂದು ಹೇಳಿ ಪಾರಾದೆನೆಂದುಕೊಂಡೆ.

ಮಾರನೇ ಬೆಳಿಗ್ಗೆ ನಂದೊಳ್ಳಿಯಿಂದ ಸರ್ಪಸುತ್ತಿಗೆ ಬರೆಯುವ ಅಜ್ಜಿ ಕೆಮ್ಮಣ್ಣಿನ ತಟ್ಟೆಯೊಂದಿಗೆ ಜಗಲಿಯಲ್ಲಿ ಹಾಜರಿದ್ದಳು. ಗುಳ್ಳೆಯ ಸಾಲಿನ ಎರಡೂ ತುದಿಗೆ ಕೆಮ್ಮಣ್ಣಿನಿಂದ ಗೆರೆ ಬರೆದು ಹಾವನ್ನು ತಡೆಯುವುದು ಅವಳ ಕೆಲಸ. ನಾನು ಸೊಂಟ ಕೊಟ್ಟು ಮಲಗಿದೆ. ಗುಳ್ಳೆ ಒಂದೂ ಕಾಣದ್ದಕ್ಕೆ ಅಜ್ಜಿ ಬೇಜಾರು ಮಾಡಿಕೊಳ್ಳದೆ, ಯಾವುದಕ್ಕೂ ಇರಲಿ ಎಂದು ಇಡೀ ಸೊಂಟಕ್ಕೆ ಬಳಿದಳು. ಉರಿಯುತ್ತಿದ್ದದ್ದು ಒಂದು ಕಡೆ, ತಂಪಾದದ್ದು ಇನ್ನೊಂದು ಕಡೆ. ನಾನು ಡಾಕ್ಟರಮ್ಮನ ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗುತ್ತಿದ್ದೆ, ವಾರದಲ್ಲಿ ಗುಣ ಕಂಡಿತು. ಎಲ್ಲ ಕೆಮ್ಮಣ್ಣಿನ ಮಹಿಮೆ ಎಂದು ಆಯಿ ಅಜ್ಜಿಗೆ ಸೀರೆ ಉಡಿಸಿ ಕಳಿಸಿದಳು. ಜೀವಶಾಸ್ತ್ರದ ಉಪನ್ಯಾಸಕಿ ಬಾಯಿ ಮುಚ್ಚಿಕೊಂಡು ಆ ಸೀರೆಯ ಬಣ್ಣ ಆರಿಸಿಕೊಟ್ಟಳು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸೀತತ್ತೆಯ ತವರಿನ ನಂಟು ಸಿದ್ದಾಪುರದಲ್ಲೂ ಇದೆ. ಸುದ್ದಿ ದಿವಾಕರರ ತಾಯಿಯ ಕಿವಿಗೆ ಬಿತ್ತು. ಅವರು ಕೆಟ್ಟವರಲ್ಲ, ಹೆದರಿದರು. ಮದುವೆ ಹತ್ತಿರ ಬಂದಾಗ ಹಾವು ಸುತ್ತಿಕೊಂಡಿದೆ ಎಂದರೆ ನಾಗದೋಷವೇ ಸೈ ಎಂದು ಭಟ್ಟರನ್ನು ಕೇಳಿದರು. ಸರ್ಪಸಂಸ್ಕಾರ ಮಾಡಿಸದೆ ಮದುವೆ ಬೇಡ ಎಂದರಂತೆ ಭಟ್ಟರು. ಆಗಲಿ, ಮಾಡಿಸೋಣ ಎಂದೆ ನಾನು, ಹಲ್ಲು ಕಚ್ಚಿಕೊಂಡು. ಆಗ ಇನ್ನೊಂದು ಮಾತು ಬಂತು. ಆ ಕರ್ಮಕ್ಕೆ ಹೆಂಗಸು ಒಬ್ಬಳೇ ಕೂರುವ ಹಾಗಿಲ್ಲ, ಗಂಡನ ಜೊತೆ ಕೂರಬೇಕು. ಅಂದರೆ ದೋಷ ಹೋಗದೆ ಮದುವೆಯಿಲ್ಲ, ಮದುವೆಯಾಗದೆ ದೋಷ ಹೋಗುವುದಿಲ್ಲ. "ಬರೋ ವರ್ಷ ನೋಡನ" ಎಂದು ದಿವಾಕರರ ತಾಯಿ ಆಯಿಗೆ ಫೋನಿನಲ್ಲಿ ಹೇಳಿದರು. ಬರುವ ವರ್ಷ ನೋಡೋಣ ಎಂದ ಸಂಬಂಧಗಳನ್ನು ಬರುವ ವರ್ಷ ಯಾರು ನೋಡಿದ್ದಾರೆ? ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಆ ಮನುಷ್ಯ ನನಗೆ ಬೇಕಾಗಿದ್ದರು.

ನಿಜ ಹೇಳಿದರೆ ಮದುವೆ ಮುರಿಯಬಹುದು ಎಂದು ಸುಳ್ಳು ಹೇಳಿದೆ, ಸುಳ್ಳೇ ಮದುವೆಯನ್ನು ಮುರಿಯುತ್ತಿತ್ತು. ನಿಜದಿಂದಲೇ ಮುರಿದುಕೊಳ್ಳುವುದು ಮೇಲು ಎನ್ನಿಸಿ ದಿವಾಕರರನ್ನು ಶಿರಸಿಯ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದೆ. ಮೂಲೆಯ ಮೇಜು ಹಿಡಿದು, ಎದುರಿಗೆ ಕುಳಿತರೆ ಧ್ವನಿ ಏರಿಸಬೇಕಾಗುತ್ತದೆಂದು ಪಕ್ಕದಲ್ಲೇ ಕುಳಿತೆ. ಹೋಟೆಲುಗಳಲ್ಲಿ ಬೇಕಾದಾಗ ಬಾರದ ಸಪ್ಲಾಯರ್ ಅವತ್ತು ನಾನು 'ಜನನಾಂಗ' ಎನ್ನುವಾಗಲೆಲ್ಲ ನೀರು ತುಂಬಿಸಲು ಬಂದ. ಆದರೂ ಬಿಡಲಿಲ್ಲ. ಮೊದಲಿಂದ ಕೊನೆಯವರೆಗೆ, ಸೀತತ್ತೆ, ಕೆಮ್ಮಣ್ಣು ಸಮೇತ, ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿ ಮುಗಿಸಿದೆ. ಅವರು ನಡುನಡುವೆ ತಲೆದೂಗಿದರು. ಮುಗಿದ ಮೇಲೆ ನಕ್ಕು, "ಅಡ್ಡಿಲ್ಲೆ ಬಿಡಿ. ಮಸಾಲೆದೋಸೆ ಹೇಳಲಾ?" ಎಂದರು.

ಇಂಥ ದೊಡ್ಡ ಮನಸ್ಸೂ ಉಂಟೇ ಎಂದುಕೊಂಡೆ. "ನಿಮಗೆ ಹೆದರಿಕೆ ಆಗೋದಿಲ್ವಾ?" ಎಂದೆ. ಅವರ ನಗು ಅಲ್ಲೇ ನಿಂತಿತು. ನೀರಿನ ಲೋಟದ ಮೇಲೆ ಬೆರಳಾಡಿಸುತ್ತ, "ಒಂದು ವಿಷಯ ನಿಮಗೆ ಹೇಳವು ಅಂದ್ಕಂಡೇ ಇತ್ತು, ಧೈರ್ಯ ಬೈಂದಿಲ್ಲೆ. ಯಂಗೆ ಈ ಬದಿ ಕಿವಿ ಕೇಳ್ತಿಲ್ಲೆ. ಆ ಬದಿಗೆ ಬಂದು ಇನ್ನೊಂದ್ಸಲ ಹೇಳ್ತ್ರಾ?" ಎಂದರು.

ಆ ಬದಿಗೆ ಗೋಡೆಯಿತ್ತು. ಎದುರಿಗೇ ಕುಳಿತು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ, ಈ ಸಲ ತರಗತಿಯ ಧ್ವನಿಯಲ್ಲಿ. ಹಿಂದಿನ ಮೇಜಿನವರು ಚಟ್ನಿ ಕೇಳುವುದನ್ನು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ನಾಚಿಕೆಗೂ ಒಂದು ಮಿತಿಯಿದೆ, ಅದನ್ನು ನಾನು ಮೊದಲ ಸಲವೇ ಖರ್ಚು ಮಾಡಿಬಿಟ್ಟಿದ್ದೆ. ದಿವಾಕರರು ಈಗ ನಿಜವಾಗಿ ಕೇಳಿದರು, ಮುಖ ಸಣ್ಣದಾಯಿತು. "ಪೂರ್ತಿ ಗುಣ ಆಗ್ತಿಲ್ಯಾ?" ಎಂದರು. ಇಲ್ಲ, ಹತೋಟಿಯಲ್ಲಿರುತ್ತದೆ ಎಂದೆ. "ಯಂಗೂ ಬಕ್ಕಾ?" ನಿಮಗೂ ಬರಬಹುದು, ಮಾತ್ರೆ, ಜಾಗ್ರತೆ ಎರಡೂ ಇದ್ದರೆ ಸಾಧ್ಯತೆ ಕಡಿಮೆ ಎಂದೆ. ಅವರು ಡಾಕ್ಟರಮ್ಮನ ಆಸ್ಪತ್ರೆ ಯಾವ ರಸ್ತೆಯಲ್ಲಿ ಎಂದು ಕೇಳಿ, ಎದ್ದು ನೇರ ಅಲ್ಲಿಗೇ ಹೋದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಯಲ್ಲಾಪುರದ ಬಸ್ಸುಗಳನ್ನು ಒಂದೊಂದಾಗಿ ಬಿಟ್ಟೆ. ಸಂಜೆಯಾಗುವಾಗ ಅವರು ಬಂದು ಪಕ್ಕದಲ್ಲಿ ಕುಳಿತು, "ಡಾಕ್ಟ್ರಮ್ಮ ಎಲ್ಲ ಹೇಳಿದ್ರು. ಯನ್ನ ಆಯಿಗೆ ಇದು ಹಾವಲ್ಲ, ದೋಷ ಅಲ್ಲ, ಬರೀ ಕಾಯಿಲೆ ಹೇಳಿ ಆನೇ ಹೇಳದು. ಮೊದಲಿನ ದಿನಕ್ಕೇ ಮದುವೆ ಇರ್ಲಿ" ಎಂದರು. ಅಲ್ಲಿಂದಲೇ ಫೋನು ಮಾಡಿಯೂ ಬಿಟ್ಟರು. ಅವರ ತಾಯಿ ಕೂಡ, ಬರೀ ಕಾಯಿಲೆಯಾದರೆ ಅದಕ್ಕೆಂತ, ತನಗೂ ಸಕ್ಕರೆ ಇದೆಯಲ್ಲ ಎಂದು ಒಪ್ಪಿಕೊಂಡರಂತೆ.

ಸಂತೋಷವೇ, ಇಲ್ಲವೆನ್ನುವುದಿಲ್ಲ. ಆದರೆ ಬಸ್ಸು ಹತ್ತಿ ಕುಳಿತಾಗಿನಿಂದ ನನಗೆ ಒಂದೇ ಸಮನೆ ಸಿಟ್ಟು ಬರುತ್ತಿದೆ. ಇಷ್ಟು ತಿಂಗಳು ಓಡಾಡಿದರೂ ಕಿವಿಯ ಸಂಗತಿಯನ್ನು ಒಂದು ಮಾತು ಹೇಳಲಿಲ್ಲವಲ್ಲ ಈ ಮನುಷ್ಯ! ಮದುವೆಯಾಗಲು ಹೊರಟವರು ಮೈಯಲ್ಲಿರುವ ಊನವನ್ನು ಹೀಗೆ ಮುಚ್ಚಿಡುವುದೆಂದರೇನು? ಇಂಥವರನ್ನು ನಂಬಿ ಬಾಳುವುದು ಹೇಗೆ?