ಸರದಿ ಕಾರಿನ ಹಾರನ್

ಸೋಮವಾರ ಬೆಳಗಾಗುವ ಹೊತ್ತಿಗೆ ಮುಳಬಾಗಿಲಿನ ಸುಬ್ಬರಾಯಪ್ಪನ ಕಾರು ತಾನಾಗಿಯೇ ಕೂಗತೊಡಗಿತು. ಆ ಗಳಿಗೆಯಲ್ಲಿ ಅದು ಅವನ ಕಾರಾಗಿತ್ತೋ ಅವನ ಅಣ್ಣನದಾಗಿತ್ತೋ ಎಂಬುದೇ ಮುಂದಿನ ತೊಂದರೆಗೆಲ್ಲ ಮೂಲ.

ಕಪ್ಪು ಬಣ್ಣದ ಆ ಹಳೆಯ ಕಾರನ್ನು, ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಅವನಿಂದ ಸುಬ್ಬರಾಯಪ್ಪನ ಅಪ್ಪ ಕೊಂಡಿದ್ದ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಭಾಗವಾದರು. ಹೊಲಕ್ಕೆ ಬದು ಹಾಕಬಹುದು, ಮನೆಗೆ ಗೋಡೆ ಎಬ್ಬಿಸಬಹುದು; ಕಾರಿಗೇನು ಮಾಡುವುದು? ಪಂಚಾಯ್ತಿ ಮಾಡಿದ ಕೋದಂಡರಾಮಪ್ಪನವರು ಬಾವಿಯ ನೀರಿಗಿದ್ದ ಕಟ್ಟಳೆಯನ್ನೇ ಕಾರಿಗೂ ಹಾಕಿದರು. ಒಂದು ವಾರ ಅಣ್ಣನ ಸರದಿ, ಒಂದು ವಾರ ತಮ್ಮನದು. ಸೋಮವಾರ ಸೂರ್ಯ ಹುಟ್ಟಿದಾಗ ಬದಲು. ಯಾರ ಸರದಿಯಲ್ಲಿ ಕೆಟ್ಟರೆ ಅವರೇ ರಿಪೇರಿ ಮಾಡಿಸಬೇಕು. ಒಬ್ಬನ ಸರದಿಯಲ್ಲಿ ಇನ್ನೊಬ್ಬ ಮುಟ್ಟಕೂಡದು.

ಈ ಕಟ್ಟಳೆಯಿಂದಲೇ ಸುಬ್ಬರಾಯಪ್ಪನ ಹೆಂಡತಿ ಶಾಮಲಮ್ಮ ತವರಲ್ಲಿ ಉಳಿದಿದ್ದಳು. ತಂಗಿಯ ಮದುವೆಗೆಂದು ಯಲ್ದೂರಿಗೆ ಬಸ್ಸಿನಲ್ಲಿ ನಿಂತುಕೊಂಡು ಹೊರಟವಳ ಪಕ್ಕದಲ್ಲೇ, ಈ ಕಾರು ಅಣ್ಣನ ಮಾವಿನಕಾಯಿ ಬುಟ್ಟಿಗಳನ್ನು ಸೀಟಿನ ಮೇಲೆ ಕೂರಿಸಿಕೊಂಡು ಮುಂದೆ ಹೋಗಿತ್ತು. "ಬುಟ್ಟಿಗಿರೋ ಮರ್ಯಾದೆ ನನಗಿಲ್ಲ. ಆ ಕಾರು ತಂದು ಕರೆದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ" ಎಂದು ಹೇಳಿಕಳಿಸಿದ್ದಳು. ಅದಾದ ಮೇಲೆ ಸುಬ್ಬರಾಯಪ್ಪನಿಗೆ ಬಂದ ಮೊದಲ ಸರದಿ ಇದು. ಗಡ್ಡ ಹೆರೆದುಕೊಂಡು, ಬಿಳಿ ಅಂಗಿ ತೊಟ್ಟು ಹೊರಗೆ ಬಂದರೆ ಕಾರು ಕರು ಕಳೆದುಕೊಂಡ ಎಮ್ಮೆಯಂತೆ ಒಂದೇ ಸಮನೆ ಅರಚುತ್ತಿತ್ತು.

ಅಣ್ಣ ದೊಡ್ಡವೆಂಕಟಪ್ಪ ತನ್ನ ಪಾಲಿನ ಜಗಲಿಯ ಮೇಲೆ ಕೂತು ಹಲ್ಲುಜ್ಜುತ್ತಿದ್ದ.

"ಅಣ್ಣ, ನಿನ್ನ ಕಾರು ಕೂಗ್ತಾ ಐತೆ."

"ನಂದೆಲ್ಲೋ? ಸೂರ್ಯ ಹುಟ್ಟಾಯ್ತು. ನಿಂದು ಕಣೋ."

"ಎಲ್ಲವ್ನೆ, ತೋರ್ಸು."

ಇಬ್ಬರೂ ಮೂಡಲಿಗೆ ನೋಡಿದರು. ಗುಡ್ಡದ ಹಿಂದೆ ಬೆಳಕಿತ್ತು, ಸೂರ್ಯನಿರಲಿಲ್ಲ.

ಬೀದಿಯ ಜನ ಸೇರಿದರು. ಪಕ್ಕದ ಮನೆಯಲ್ಲಿ ಹಾಸಿಗೆ ಹೊಲಿಯುವ ಗೌಸ್ ಮೊಹಿದ್ದೀನ್ ಕಿವಿಗೆ ಹತ್ತಿ ತುರುಕಿಕೊಂಡೇ ಬಂದ.

"ಸುಬ್ಬಣ್ಣ, ಬ್ಯಾಟರಿ ವೈರ್ ಕಿತ್ತಾಕಪ್ಪ. ಬಾಯ್ ಮುಚ್ಕೊಂತದೆ."

"ಮುಟ್ಟಿದ್ರೆ ಕೆಟ್ಟಿದ್ದು ನನ್ ಸರದೀಲಿ ಅಂತಾಗ್ತದೆ ಸಾಬ್ರೆ."

"ಅರೆ, ಮುಟ್ದಿದ್ರೆ ಬೂದಿ ಆಗ್ತದೆ. ಬೂದಿ ಯಾರ ಸರದಿ?"

ಅಷ್ಟರಲ್ಲಿ ಕೋದಂಡರಾಮಪ್ಪನವರು ಪಂಚಾಂಗ ಹಿಡಿದು ಬಂದರು. ಕನ್ನಡಕ ಒರೆಸಿ, ಪುಟ ತಿರುವಿ, ಗುಡ್ಡವನ್ನೊಮ್ಮೆ ನೋಡಿದರು. "ಪಂಚಾಂಗದಲ್ಲಿ ಹುಟ್ಟಿದ್ದಾನೆ. ಕಣ್ಣಿಗೆ ಕಂಡಿಲ್ಲ. ಕಟ್ಟಳೆ ಹಾಕೋವಾಗ ಯಾವ ಸೂರ್ಯ ಅಂತ ನಾನೂ ಹೇಳ್ಲಿಲ್ಲ" ಎಂದು ಕಣ್ಣು ಮುಚ್ಚಿ ಯೋಚನೆಗೆ ಕೂತರು. ಕಾರು ಕೂಗುತ್ತಲೇ ಇತ್ತು. ಬೀದಿಯಲ್ಲಿ ಅರ್ಧ ಜನ ಹುಟ್ಟಿದ್ದಾನೆಂದರು, ಅರ್ಧ ಜನ ಇಲ್ಲವೆಂದರು.

ಸ್ಟಿಯರಿಂಗಿನ ಕೆಳಗಿನಿಂದ ತೆಳುವಾಗಿ ಹೊಗೆ ಎದ್ದಿತು. ಆಗ ತಾಯಿ ಮುನಿಯಲ್ಲಮ್ಮ ಯಾರನ್ನೂ ಕೇಳದೆ ಹೋಗಿ ಹಿಂದಿನ ಸೀಟಿನ ಮೇಲೆ ಕೂತುಬಿಟ್ಟಳು.

"ಅಮ್ಮ, ಏಳು. ಬ್ಯಾಟರಿ ನಿನ್ನ ಕೆಳಗೈತೆ" ಎಂದ ಸುಬ್ಬರಾಯಪ್ಪ.

"ಇಬ್ರೂ ಕೈ ಹಿಡಿದು ಇಳಿಸೋವರ್ಗೂ ಏಳಲ್ಲ. ನಿಮ್ಮಪ್ಪ ಹೋದಾಗಿಂದ ನಾನೂ ಸರದಿ ಮೇಲೇ ಉಣ್ತಾ ಇದೀನಿ. ಒಂದಿನಾನಾದ್ರೂ ನನಗೋಸ್ಕರ ಸೂರ್ಯನ್ನ ಹುಡುಕಿದ್ರಾ?"

ಹೊಗೆ ದಪ್ಪವಾಯಿತು. ಸುಬ್ಬರಾಯಪ್ಪನಿಗೆ ಯಲ್ದೂರಿನ ಬಾಗಿಲಲ್ಲಿ ನಿಂತ ಶಾಮಲಮ್ಮ ಕಂಡಳು. ಕಾರೇ ಸುಟ್ಟುಹೋದರೆ ಅವಳನ್ನು ಏನು ತೆಗೆದುಕೊಂಡು ಹೋಗಿ ಕರೆಯುವುದು?

"ಆಯ್ತು ಅಣ್ಣ. ಸೂರ್ಯ ಹುಟ್ಟವ್ನೆ. ಕಾರು ನಂದೇ" ಎಂದ.

ದೊಡ್ಡವೆಂಕಟಪ್ಪನ ಮುಖ ಅರಳಿತು. ಅವನು ಕಾರಿಗೆ ಮೈ ತಾಗದಂತೆ ದೂರ ನಿಂತೇ ಕೈ ಚಾಚಿದ. ಇಬ್ಬರೂ ಸೇರಿ ತಾಯಿಯನ್ನು ಇಳಿಸಿದರು. ಸುಬ್ಬರಾಯಪ್ಪ ಸೀಟು ಕಿತ್ತೆಸೆದ. ಬ್ಯಾಟರಿಯ ತಲೆಗೆ ಹಸಿರು ಕಿಲುಬು ಹಿಡಿದಿತ್ತು. ಸ್ಪ್ಯಾನರ್ ಜಾರಿತು, ಬೆರಳು ತರಚಿತು, ಆ್ಯಸಿಡ್ ತಾಗಿ ಬಿಳಿ ಅಂಗಿ ತೂತಾಯಿತು. ಕೊನೆಗೆ ಕಾಲು ಕೊಟ್ಟು ಎಳೆದ. ವೈರು ಕೈಗೆ ಬಂತು.

ಬೀದಿ ಒಮ್ಮೆಲೇ ನಿಶ್ಶಬ್ದವಾಯಿತು. ವೈರು ಹಿಡಿದೇ ಅವನು ತಲೆಯೆತ್ತಿದರೆ ಗೇಟಿನಲ್ಲಿ ಶಾಮಲಮ್ಮ ನಿಂತಿದ್ದಳು.

ತವರಿನಲ್ಲಿ ಅತ್ತಿಗೆಯ ಕೊಂಕು ತಡೆಯಲಾರದೆ ಅವಳು ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಬಸ್ಸಿಳಿದಾಗಲೇ ಹಾರನ್ ಕೇಳಿಸಿತ್ತು. "ನಿನ್ನ ಕರೆಯಕ್ಕೆ ಹೊರಟವ್ನೆ ಕಣಮ್ಮ, ಬೆಳಗಿಂದ ಊರಿಗೆಲ್ಲ ಕೇಳೋ ಹಂಗೆ ಕೂಗಿಸ್ತಾವ್ನೆ" ಎಂದಿದ್ದಳು ಹೂವಿನವಳು. ಶಾಮಲಮ್ಮ ಹೂ ಮುಡಿದು, ಓಲಗದ ಹಿಂದೆ ಬರುವ ಮದುವಣಗಿತ್ತಿಯಂತೆ, ಪೇಟೆಯುದ್ದಕ್ಕೂ ನಿಧಾನವಾಗಿ ನಡೆದು ಬಂದಿದ್ದಳು. ಅಂಗಡಿಯವರೂ ಎದ್ದು ನೋಡಿದ್ದರು.

ಅವಳು ಗಂಡನ ಕಡೆ ತಿರುಗಲಿಲ್ಲ. "ನೋಡಿದ್ರಾ ಅತ್ತೆ, ನನ್ ಮುಖ ಕಂಡಕೂಡ್ಲೆ ಕಿತ್ತಾಕಿದ್ರು."

"ಅದು ಕೆಟ್ಟೋಗಿತ್ತು ಕಣೇ. ನಾನ್ ಕೂಗ್ಸಿದ್ದಲ್ಲ, ಅದಾಗಿ ಅದೇ ಕೂಗ್ತಾ ಇತ್ತು."

"ಓ. ನೀವ್ ಕೂಗ್ಸಿದ್ದೂ ಅಲ್ಲ" ಎಂದು ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಶಾಮಲಮ್ಮ ಹಿಂದಿರುಗಿದಳು.

"ಸೇರ್ಸಪ್ಪ ವೈರು, ಕೂಗ್ಲಿ" ಎಂದ ಗೌಸ್ ಮೊಹಿದ್ದೀನ್, ಕಿವಿಯ ಹತ್ತಿ ತೆಗೆದು. "ಲೇ, ಬೇಗ ಸೇರ್ಸೋ" ಎಂದ ಅಣ್ಣ. ಕೋದಂಡರಾಮಪ್ಪನವರೂ ಕಣ್ಣು ಬಿಟ್ಟು ಸೇರಿಸು ಎಂದರು.

ಸುಬ್ಬರಾಯಪ್ಪ ಕಾರಿನೊಳಗೆ ಬಿದ್ದು ವೈರನ್ನು ಎರಡೂ ಕೈಯಿಂದ ಬ್ಯಾಟರಿಗೆ ಒತ್ತಿದ. ಇಡೀ ಬೀದಿ ಉಸಿರು ಹಿಡಿದು ಕಾಯಿತು. ಬೀದಿಯ ಕೊನೆಯಲ್ಲಿ ಶಾಮಲಮ್ಮನೂ ಒಂದು ಗಳಿಗೆ ನಿಂತಳು, ಬೆನ್ನು ತಿರುಗಿಸಿಕೊಂಡೇ.

ಕಾರು ಬಾಯಿ ಬಿಡಲಿಲ್ಲ. ಅವಳು ಬಸ್ ನಿಲ್ದಾಣದ ಕಡೆ ತಿರುಗಿದಳು.