ವಿಭೂತಿ ಹಚ್ಚಿಕೊಂಡ ಮೊಟ್ಟೆಗಳು

ಮನೆಯಲ್ಲಿ ಒಂದು ಮುಖ, ಬೇಕರಿಯಲ್ಲಿ ಇನ್ನೊಂದು ಮುಖ ಇಟ್ಟುಕೊಂಡು ನೀವು ಯಾವತ್ತಾದರೂ ಬದುಕಿದ್ದೀರಾ? ನಾನು ಬದುಕಿದ್ದೇನೆ. ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಹೊಸ್ತಿಲನ್ನು ಒಂದು ಮೊಟ್ಟೆಯೂ ದಾಟಿರಲಿಲ್ಲ. ನಾನು ಮಾತ್ರ ಆಫೀಸಿನ ಪಕ್ಕದ ಬೇಕರಿಯಲ್ಲಿ ಎಗ್ ಪಫ್ಸ್ ತಿಂದು, ಬಾಯಿಗೆ ಒಂದಿಷ್ಟು ಸೋಂಪು ಹಾಕಿಕೊಂಡು ಸಾಧುವಿನ ಹಾಗೆ ಬರುತ್ತಿದ್ದೆ. ದಾವಣಗೆರೆ ಕಡೆಯ ನಮ್ಮತ್ತೆಗೆ ಇದು ಗೊತ್ತಿಲ್ಲ ಅಂತ ನನ್ನ ನಂಬಿಕೆ.

ಹೀಗಿರುವಾಗ ಸಹೋದ್ಯೋಗಿಯೊಬ್ಬಳು ಮನೆ ಬದಲಿಸುತ್ತ ತನ್ನ ನಾಟಿ ಹೆಂಟೆಯನ್ನೂ ಕಾವಿಗಿಡುವ ಮೊಟ್ಟೆಗಳನ್ನೂ ನನಗೆ ದಾಟಿಸಿದಳು. ಟೆರೇಸು ಮನೆಯ ಒಳಗೆ ಅನ್ನಿಸಿಕೊಳ್ಳುವುದಿಲ್ಲವಾದ್ದರಿಂದ ಅತ್ತೆ ಸುಮ್ಮನಿದ್ದರು. ಹೆಂಟೆ ಹಳೇ ಟಬ್ಬಿನಲ್ಲಿ ಕಾವಿಗೆ ಕೂತಿತು. ಹತ್ತಿರ ಹೋದರೆ ಗರಿ ಕೆದರಿಕೊಂಡು ಕುಕ್ಕಲು ಬರುತ್ತಿತ್ತು. ಅಷ್ಟು ಜೋರಿದ್ದದ್ದು ಪಕ್ಕದ ರಸ್ತೆಯಲ್ಲಿ ಗಣಪತಿ ಬಿಡುವ ತಮಟೆ ಶುರುವಾದದ್ದೇ ನೀರಿನ ಟ್ಯಾಂಕಿನ ಮೇಲೆ ಹಾರಿ ಕೂತಿತು. ಎಷ್ಟು ಕರೆದರೂ ಇಳಿಯಲಿಲ್ಲ. ಮೊಟ್ಟೆಗಳು ತಣ್ಣಗಾಗತೊಡಗಿದವು.

ನನ್ನ ಗಂಡನಿಗೆ ಅಷ್ಟೇ ಬೇಕಿತ್ತು. ಅವರು ಆನ್‌ಲೈನಿನಲ್ಲಿ ತರಿಸಿದ್ದ ಇನ್‌ಕ್ಯುಬೇಟರ್ ಮಂಚದ ಕೆಳಗೆ ಬಿದ್ದಿತ್ತು. "ನಾನ್ ಹೇಳಿರ್ಲಿಲ್ವೇನೇ? ಮಶೀನು ತಮಟೆಗೆಲ್ಲ ಹೆದರಲ್ಲ" ಅಂದರು. ತಮಟೆಗೆ ಹೆದರದಿದ್ದರೇನು, ಕರೆಂಟು ಹೋದರೆ ಅದರ ಕಥೆಯೂ ಮುಗಿಯಿತು. ಯುಪಿಎಸ್ ಲೈನಿನಲ್ಲಿ ಖಾಲಿ ಇದ್ದದ್ದು ದೇವರಮನೆ ಬಾಗಿಲ ಪಕ್ಕದ ಪ್ಲಗ್ ಒಂದೇ. ಮೊಟ್ಟೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಯ ಹೊಸ್ತಿಲ ಹೊರಗೇ ನಿಂತೆ. ಅತ್ತೆ ಒಳಗಿನಿಂದ ನೋಡಿದರು.

"ತಿನ್ನಾಕಲ್ಲ ತಾನೆ?"

"ಅಲ್ಲ ಅತ್ತೆ, ಮರಿ ಮಾಡ್ಸೋಕೆ."

"ಹಂಗಾದ್ರೆ ಅವನ್ನ ಹೊತ್ತ ನೀನೂ ಬಸುರಿ ಇದ್ದಂಗೆ. ಬಸುರೀನ ಬಾಗ್ಲಾಗ ನಿಲ್ಲಿಸಬಾರ್ದು. ಒಳಗೆ ಬಾ."

ಮಶೀನಿನೊಳಗೆ ಮೊಟ್ಟೆಗಳನ್ನು ನಾವೇ ಹೊರಳಿಸುತ್ತಿರಬೇಕು, ಹೊರಳಿದ್ದು ತಿಳಿಯಲು ಒಂದು ಪಕ್ಕ ಗುರುತು ಬೇಕು. ನಾನು ಪೆನ್ಸಿಲ್ ಹುಡುಕುವಷ್ಟರಲ್ಲಿ ಅತ್ತೆ ಒಂದೊಂದಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದಿದ್ದರು. ಬೆಳಗ್ಗೆ ವಿಭೂತಿ ಮೇಲೆ, ಸಂಜೆ ವಿಭೂತಿ ಕೆಳಗೆ. ಬಸವೇಶ್ವರನಗರದ ಮಗಳ ಮನೆಗೆ ಹೋಗುವುದನ್ನೂ ಬಿಟ್ಟು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನಾನು ಮುಚ್ಚಳ ಮುಟ್ಟಿದರೆ ಥೇಟ್ ಹೆಂಟೆಯ ಹಾಗೇ ನೋಡುತ್ತಿದ್ದರು.

ಒಂದು ದಿನ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಂದು ಮೊಟ್ಟೆಯಲ್ಲಿ ಜೀವವೇ ಇಲ್ಲ. ಹಾಗೇ ಬಿಟ್ಟರೆ ಕೊಳೆತು ಸಿಡಿದು ಉಳಿದವನ್ನೂ ಕೆಡಿಸುತ್ತದೆ. ಅದನ್ನು ಹಿಡಿದು ಕಸದ ಗಾಡಿಗೆ ಹೊರಟೆ. ಅತ್ತೆ ಅಡ್ಡ ನಿಂತರು. "ವಿಭೂತಿ ಹಚ್ಚಿದ್ದನ್ನ ಕಸಕ್ಕೆ ಹಾಕ್ತೀಯೇನವ್ವಾ?" ಕೊನೆಗೆ ಮಲ್ಲಿಗೆ ಕುಂಡದಲ್ಲಿ ಮಣ್ಣು ಮಾಡಿದ್ದಾಯಿತು. ಬನಿಯನ್ನಿನಲ್ಲೇ ಬಂದ ಗಂಡ ಒಂದು ಚೊಂಬು ನೀರು ಬಿಟ್ಟು, "ಈಗ ಸ್ನಾನ ಮಾಡ್ಬೇಕಾ ಅವ್ವ?" ಅಂದರು.

"ಮಾಡು. ನಿನ್ನೆ ಕೂಡ ಸ್ನಾನ ಮಾಡಿಲ್ಲ ನೀನು."

ಉಳಿದ ಮೊಟ್ಟೆಗಳೆಲ್ಲ ಒಡೆದು ಮರಿಗಳು ಬಂದವು. ಗಂಡ ಮಶೀನಿನ ಬೆನ್ನು ತಟ್ಟಿದರು. ಹೆಂಟೆ ತಿರುಗಿಯೂ ನೋಡಲಿಲ್ಲ. ಮರಿಗಳು ಅತ್ತೆಯ ಸೀರೆ ಅಂಚು ಹಿಡಿದು ಟೆರೇಸೆಲ್ಲ ಓಡಾಡಿದವು.

ಮರುದಿನ ಬೇಕರಿಯಲ್ಲಿ ಪಫ್ಸ್ ಬಿಡಿಸಿದೆ. ಒಳಗಿನ ಅರ್ಧ ಮೊಟ್ಟೆಯ ಮೇಲೆ ಮೂರು ಬಿಳಿ ಗೆರೆ ಕಂಡ ಹಾಗಾಯಿತು. ಅಲ್ಲೇ ಬಿಟ್ಟು ಮನೆಗೆ ಬಂದೆ. ಅತ್ತೆ ಮರಿಗಳಿಗೆ ನುಚ್ಚು ಹಾಕುತ್ತಿದ್ದವರು ತಲೆ ಎತ್ತದೆ ಕೇಳಿದರು, "ಯಾಕವ್ವಾ, ಇವತ್ತು ಸೋಂಪು ತಿಂದಿಲ್ಲ?"

ನಿಮ್ಮ ಗುಟ್ಟೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಅಂತ ನಂಬಿಕೊಂಡಿದ್ದರೆ ಕೆಳಗೆ ಬರೆಯಿರಿ. ಓದಿ ಹೇಳು ಅಂತ ಅತ್ತೆ ಪಕ್ಕದಲ್ಲೇ ಕೂತಿದ್ದಾರೆ.